ಬಾಣಂತಿಯ ಕೈಗೆ ಬಾಣಂತನ

(ದತ್ತಿ ಉಪನ್ಯಾಸದ ಅಚ್ಚುರೂಪ)



ದತ್ತಿ ಉಪನ್ಯಾಸಕ್ಕೆ ವಿಷಯ ಹುಡುಕುವಾಗ ನಮ್ಮ ಸಂಘ-ಸಂಸ್ಥೆಗಳ ಕಣ್ಣು ಮೊದಲು ಹೋಗುವುದು ಕವಿಗಳ ಕಡೆಗೆ, ಶಾಸನಗಳ ಕಡೆಗೆ, ಸಮಾಜ ಸುಧಾರಕರ ಕಡೆಗೆ. ಆ ಪಟ್ಟಿಯಲ್ಲಿ ಬಾಣಂತಿಗೆ ಜಾಗವಿಲ್ಲ. ಪತ್ರಿಕೆಗಳಲ್ಲೂ ಅಷ್ಟೆ; ಆಕೆ ಮುಖಪುಟಕ್ಕೆ ಬರಬೇಕಾದರೆ ಸಾಯಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ‘ಬಾಣಂತಿ’ ಎಂಬ ಪದವನ್ನು ವಾರಗಟ್ಟಲೆ ಓದಿತು. ಡ್ರಿಪ್ಪಿನಲ್ಲಿ ಕೊಟ್ಟ ದ್ರಾವಣದ ಮೇಲೆ ಅನುಮಾನ ಬಂತು, ಸದನದಲ್ಲಿ ಮಾತಾಯಿತು. ಹೆತ್ತು, ಬದುಕಿ, ಮಗುವನ್ನು ಮಡಿಲಿಗೆ ಹಾಕಿಕೊಂಡು ಮನೆಗೆ ಹೋದವಳ ಸುದ್ದಿ ಮಾತ್ರ ಯಾರಿಗೂ ಬೇಡ. ಇವತ್ತಿನ ಮಾತು ಆಕೆಯದು. ಅದರಲ್ಲೂ ಚೊಚ್ಚಲ ಬಾಣಂತಿಯದು; ಮತ್ತು ಆಕೆಯ ಪಕ್ಕದಲ್ಲಿ ನಿಂತ, ಅಥವಾ ನಿಲ್ಲಬೇಕಾಗಿದ್ದ, ನರ್ಸಮ್ಮನದು.

ಅಂಕಿಅಂಶ ಮೊದಲೇ ಮುಗಿಸಿಬಿಡೋಣ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019-21ರಲ್ಲಿ. ಅಷ್ಟು ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿತ್ತು. ಹೆಚ್ಚುಕಡಿಮೆ ಮೂರರಲ್ಲೊಂದು ಸಿಸೇರಿಯನ್. 2018-20ರ ಮಾದರಿ ನೋಂದಣಿ ವರದಿಯಂತೆ ಒಂದು ಲಕ್ಷ ಜೀವಂತ ಜನನಕ್ಕೆ ನಮ್ಮ ರಾಜ್ಯ ಕಳೆದುಕೊಂಡ ತಾಯಂದಿರು 69. ದೇಶದ ಸರಾಸರಿ 97. ಪಕ್ಕದ ಕೇರಳದ್ದು 19. ದೇಶದ ಪಕ್ಕ ನಿಂತರೆ ಸಮಾಧಾನ, ಕೇರಳದ ಪಕ್ಕ ನಿಂತರೆ ಸಂಕೋಚ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದರು. ಅಂಥ ಸೂಲಗಿತ್ತಿಯರ ಕಾಲದಲ್ಲಿ ಹೆರಿಗೆ ಮಾಡಿಸಿದ ಕೈಯೇ ಮರುದಿನ ಬಂದು ಬಾಣಂತಿಯ ಹೊಟ್ಟೆ ಮುಟ್ಟಿ ನೋಡುತ್ತಿತ್ತು, ನೀರು ಹಾಕುತ್ತಿತ್ತು. ಅವರ ಕಾಲವನ್ನು ಹೊಗಳಿ ಆಸ್ಪತ್ರೆಯನ್ನು ಬಯ್ಯುವುದು ಸುಲಭ. ಆದರೆ ಆಗ ಸತ್ತ ತಾಯಂದಿರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಹೇಳಬೇಕಾದ್ದು ಇಷ್ಟೆ: ಒಂದಾಗಿದ್ದ ಕೆಲಸ ಎರಡು ಹೋಳಾಯಿತು. ಹೆರಿಗೆ ಆಸ್ಪತ್ರೆಗೆ ಹೋಯಿತು, ಬಾಣಂತನ ಮನೆಯಲ್ಲೇ ಉಳಿಯಿತು. ಎರಡನ್ನೂ ಬಲ್ಲ ಹೆಂಗಸು ನಡುವಿನಿಂದ ಎದ್ದುಹೋದಳು.

ಆ ನಡುವಿನ ಜಾಗ ಎಲ್ಲಿದೆ ಎಂದು ನೋಡಬೇಕಾದರೆ ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಬಾಣಂತಿಯರ ವಾರ್ಡಿಗೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ನಿಲ್ಲಬೇಕು. ಡಿಸ್ಚಾರ್ಜ್ ಆಗುವವರ ಗಡಿಬಿಡಿ. ತಾಯಿ-ಮಗುವನ್ನು ಮನೆಗೆ ಬಿಡುವ ‘ನಗು-ಮಗು’ ಗಾಡಿ ಬಂದು ನಿಂತಿದೆ ಎಂದು ಗಂಡ ಬಾಗಿಲಲ್ಲೇ ಹೇಳಿ ಹೋಗುತ್ತಾನೆ. ಬಾಣಂತಿಯ ತಾಯಿ ಮಗುವಿಗೆ ಕುಲಾವಿ ಕಟ್ಟುತ್ತಿದ್ದಾಳೆ. ಅತ್ತೆ ಫ್ಲಾಸ್ಕು, ತಟ್ಟೆ, ಲೋಟಗಳನ್ನು ಬುಟ್ಟಿಗೆ ತುಂಬುತ್ತಿದ್ದಾಳೆ. ನರ್ಸ್ ಕೈಯಲ್ಲಿ ತಾಯಿ ಕಾರ್ಡು, ಮಾತ್ರೆ ಪೊಟ್ಟಣ. “ನೋಡಿಮ್ಮಾ, ಈ ಕೆಂಪು ಮಾತ್ರೆ ದಿನಕ್ಕೊಂದು, ಆರು ತಿಂಗಳು. ಇದು ಕ್ಯಾಲ್ಸಿಯಂ, ಎರಡು ಹೊತ್ತು. ಎರಡೂ ಒಟ್ಟಿಗೆ ನುಂಗಬೇಡಿ. ಹೊಲಿಗೆ ಒಣಗಿದ ಹಾಗೆ ಇಟ್ಕೊಳ್ಳಿ. ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ. ಗೊತ್ತಾಯ್ತಲ್ಲ?” ಎಲ್ಲರೂ ತಲೆಯಾಡಿಸುತ್ತಾರೆ. ಬಾಣಂತಿ ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಿದ್ದಾಳೆ.

ನರ್ಸ್ ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಹೇಳಿದ ಗಳಿಗೆ ತಪ್ಪು.

ಇದನ್ನು ಅರವತ್ತು ವರ್ಷಗಳ ಹಿಂದೆಯೇ ಗುರುತಿಸಿದವರು ಅಮೆರಿಕದ ನರ್ಸ್ ರೀವಾ ರೂಬಿನ್. ಹೆರಿಗೆ ವಾರ್ಡುಗಳಲ್ಲಿ ತಾಯಂದಿರನ್ನು ಹತ್ತಿರದಿಂದ ಗಮನಿಸಿ ಆಕೆ 1960ರ ದಶಕದಲ್ಲಿ ಬರೆದ ಬರಹಗಳನ್ನು ಇಂದಿಗೂ ನರ್ಸಿಂಗ್ ಕಾಲೇಜುಗಳಲ್ಲಿ ಓದಿಸುತ್ತಾರೆ. ನಮ್ಮ ಹುಡುಗಿಯರೂ ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ರೂಬಿನ್ ಕಂಡದ್ದು ಇದು. ಹೆತ್ತ ಮೊದಲ ಎರಡು ಮೂರು ದಿನ ತಾಯಿಗೆ ಬೇಕಾದದ್ದು ಊಟ, ನಿದ್ದೆ, ಮತ್ತು ತನ್ನ ಹೆರಿಗೆಯ ಕಥೆಯನ್ನು ಬಂದವರಿಗೆಲ್ಲ ಮತ್ತೆ ಮತ್ತೆ ಹೇಳುವುದು. ಆಗ ಆಕೆ ಹಿಡಿಸಿಕೊಳ್ಳುವವಳು, ಹಿಡಿಯುವವಳಲ್ಲ. ಮೂರನೆಯ ದಿನದ ಹೊತ್ತಿಗೆ ಗಾಳಿ ತಿರುಗುತ್ತದೆ. ಮಗುವನ್ನು ತಾನೇ ಎತ್ತಬೇಕು, ತನ್ನ ಮೈ ತನ್ನ ಮಾತು ಕೇಳಬೇಕು ಎಂಬ ಆಸೆ ಹುಟ್ಟುತ್ತದೆ. ಮೂತ್ರ, ಮಲ, ಹಾಲು, ಹೊಲಿಗೆ ಎಲ್ಲದರ ಬಗ್ಗೆಯೂ ಪ್ರಶ್ನೆ ಏಳುತ್ತದೆ. ಕಲಿಯುವ ಬಾಗಿಲು ತೆರೆಯುವುದು ಆಗ. ಈಗಿನ ತಾಯಂದಿರಲ್ಲಿ ಈ ತಿರುವು ಬೇಗ ಬರುತ್ತದೆ ಎಂದು ಆಮೇಲಿನವರು ತಿದ್ದಿದ್ದಾರೆ. ಸರಿ. ಆದರೂ ಸಹಜ ಹೆರಿಗೆಯಾದವಳನ್ನು ನಾವು ಕಳುಹಿಸುವುದು 48 ಗಂಟೆಗೆ. ಮಂಚಕ್ಕೆ ಕಾದವರು ಹೆಚ್ಚಿದ್ದರೆ ಅದಕ್ಕೂ ಮೊದಲೇ. ಪ್ರಶ್ನೆಗಳು ಹುಟ್ಟುವ ದಿನ ಆಕೆ ತವರಿನ ಕೋಣೆಯಲ್ಲಿರುತ್ತಾಳೆ, ಉತ್ತರ ಬಲ್ಲವಳು ವಾರ್ಡಿನಲ್ಲಿರುತ್ತಾಳೆ.

ತವರಿನ ಆ ಕೋಣೆಯನ್ನು ಹಗುರವಾಗಿ ಕಾಣಬಾರದು. ಲೋಕದ ಎಷ್ಟೋ ದೇಶಗಳು ದುಡ್ಡು ಕೊಟ್ಟು ಕೊಳ್ಳಲಾಗದ್ದನ್ನು ನಮ್ಮ ಬಾಣಂತನ ಪುಕ್ಕಟೆ ಕೊಡುತ್ತದೆ: ಮೂರು ತಿಂಗಳ ವಿರಾಮ, ಹೊತ್ತು ಹೊತ್ತಿಗೆ ಬಿಸಿ ಊಟ, ರಾತ್ರಿ ಮಗು ಅತ್ತರೆ ಎದ್ದು ಕೂರುವ ಇನ್ನೊಂದು ಜೀವ. ಉತ್ತರ ಕರ್ನಾಟಕದ ಅಂಟಿನ ಉಂಡಿ, ಅಳವಿ ಪಾಯಸ, ಮಲೆನಾಡಿನ ಕಾಳುಮೆಣಸಿನ ಸಾರು, ಬೆಳ್ಳುಳ್ಳಿ ಹಾಕಿ ಬೇಯಿಸಿದ ಸಬ್ಬಸಿಗೆ ಸೊಪ್ಪು. ಯಾವ ಆಹಾರ ತಜ್ಞರೂ ಇವುಗಳ ಜೊತೆ ಜಗಳಕ್ಕೆ ಬರುವುದಿಲ್ಲ. ಎಣ್ಣೆ ಹಚ್ಚಿ ಹಂಡೆ ನೀರು ಹುಯ್ಯುವ ಅಜ್ಜಿಯ ಕೈಯಲ್ಲಿರುವ ಔಷಧ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ತೊಡಕಿರುವುದು ಬೇರೆ ಕಡೆ. ಬಾಣಂತನದಲ್ಲಿ ಎಲ್ಲವನ್ನೂ ಬಾಣಂತಿಗಾಗಿ ಮಾಡುತ್ತಾರೆ, ಆಕೆಗೆ ಏನನ್ನೂ ಬಿಡುವುದಿಲ್ಲ. ಆಕೆಯ ಮೈಯನ್ನು ಓದುವ ಹಕ್ಕು ಹಿರಿಯರದು. ‘ಹಸಿ ಮೈ’ ಎಂಬ ಒಂದು ಮಾತಿನಲ್ಲಿ ಅರ್ಧ ಪ್ರಶ್ನೆಗಳು ಮುಗಿಯುತ್ತವೆ, ‘ನಂಜು’ ಎಂಬ ಇನ್ನೊಂದರಲ್ಲಿ ಉಳಿದರ್ಧ. ತಲೆ ಸಿಡಿಯುತ್ತಿದೆ ಎಂದರೆ ಶೀತ; ಕಿವಿಗೆ ಹತ್ತಿ ಇಟ್ಟು ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟುತ್ತಾರೆ. ಕಾಲು ಊದಿದೆ ಎಂದರೆ ನೀರು ಜಾಸ್ತಿ ಕುಡಿದದ್ದು. ನೀರನ್ನೇ ಕಡಿಮೆ ಮಾಡುತ್ತಾರೆ. ಜ್ವರ ಬಂದರೆ ಹಾಲು ಕಟ್ಟಿದ್ದು. ಸುಮ್ಮಸುಮ್ಮನೆ ಅಳುತ್ತಾಳೆ ಎಂದರೆ ದೃಷ್ಟಿ.

ಇವೇ ನಾಲ್ಕನ್ನು ವಾರ್ಡಿನ ನರ್ಸ್ ಓದುವ ರೀತಿ ಬೇರೆ. ಹೆರಿಗೆಯಾದ ಮೇಲೆ ರಕ್ತದೊತ್ತಡ ಮೂರರಿಂದ ಆರನೆಯ ದಿನದೊಳಗೆ ಏರುವುದುಂಟು. ಬಸುರಿನಲ್ಲಿ ಬಿಪಿ ಇಲ್ಲದವಳಿಗೂ ಏರಬಹುದು. ಕಣ್ಣು ಮಂಜಾಗಿ ತಲೆ ಸಿಡಿದರೆ ಅದು ಫಿಟ್ಸಿಗೆ ಮುನ್ಸೂಚನೆ. ಒಂದೇ ಕಾಲು ಊದಿ, ಕೆಂಪಾಗಿ, ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನೀರು ಕಡಿಮೆ ಕುಡಿದವಳಿಗೆ, ಮಂಚ ಬಿಟ್ಟು ಏಳದವಳಿಗೆ ಈ ಅಪಾಯ ಇನ್ನೂ ಹೆಚ್ಚು. ಜ್ವರ 100.4 ಡಿಗ್ರಿ ದಾಟಿ, ಕೆಳಗಿನ ಸ್ರಾವಕ್ಕೆ ಕೆಟ್ಟ ವಾಸನೆ ಬಂದರೆ ಗರ್ಭಕೋಶದ ಸೋಂಕು. ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ ಅದಕ್ಕೆ ಮೆಣಸಿನಕಾಯಿ ನಿವಾಳಿಸಿ ಪ್ರಯೋಜನವಿಲ್ಲ. ಇನ್ನೊಂದು ಮಾತು: ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು ತಾಯಿಗೂ ಮಗುವಿಗೂ ವಿಷದ ಗಾಳಿ ಕುಡಿಸಿದಂತೆ. ಇದನ್ನು ಹೇಳಲು ಹಿಂದೆಮುಂದೆ ನೋಡಬೇಕಾಗಿಲ್ಲ.

ಕೆಲವು ಕಡೆ ಕೋಣೆಯೂ ಇಲ್ಲ. ತುಮಕೂರು, ಚಿತ್ರದುರ್ಗ ಭಾಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆಯ ಗುಡಿಸಲಿನಲ್ಲಿಡುವ ಪದ್ಧತಿ ಈಚಿನವರೆಗೂ ಇತ್ತು. 2023ರಲ್ಲಿ ತುಮಕೂರಿನ ಹತ್ತಿರದ ಹಟ್ಟಿಯೊಂದರಲ್ಲಿ ಮಳೆ-ಥಂಡಿಯ ನಡುವೆ ಹೀಗಿದ್ದ ಕೂಸು ತೀರಿಕೊಂಡ ಮೇಲೆ ನ್ಯಾಯಾಧೀಶರೇ ಅಲ್ಲಿಗೆ ಹೋಗಬೇಕಾಯಿತು. ಅಂಥ ಗುಡಿಸಲಿನ ಬಾಗಿಲಿಗೆ ಮೈಲಿಗೆಯ ಭಯವಿಲ್ಲದೆ ಹೋಗಬಲ್ಲವರು ಮೊದಲಿಗೆ ಇಬ್ಬರೇ: ಆಶಾ ಕಾರ್ಯಕರ್ತೆ ಮತ್ತು ನರ್ಸಮ್ಮ.

ಹಾಗಾದರೆ ನರ್ಸ್ ಏನು ಮಾಡಬೇಕು? ಬಾಲ್ಟಿಮೋರಿನಲ್ಲಿ ಹುಟ್ಟಿದ ಡೊರೊಥಿಯಾ ಓರೆಮ್ ಎಂಬ ನರ್ಸ್ 1971ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೊಂದು ಗಟ್ಟಿ ಉತ್ತರವಿದೆ. ನರ್ಸಿಂಗ್ ಎಂದರೆ ಮನುಷ್ಯರು ತಮ್ಮ ಆರೈಕೆ ತಾವು ಮಾಡಿಕೊಳ್ಳುವ ಶಕ್ತಿಗೆ ಎಲ್ಲಿ ಕೊರತೆ ಬಿದ್ದಿದೆಯೋ ಅಲ್ಲಿ ಕೈಜೋಡಿಸುವುದು ಎಂಬುದು ಆಕೆಯ ವಾದ. ಅದಕ್ಕೆ ಮೂರು ಹಂತ. ಒಂದು, ಎಲ್ಲವನ್ನೂ ನರ್ಸೇ ಮಾಡುವುದು. ಎರಡು, ಇಬ್ಬರೂ ಸೇರಿ ಮಾಡುವುದು. ಮೂರು, ರೋಗಿಯೇ ಮಾಡುವುದು. ನರ್ಸ್ ಕಲಿಸಿ, ಧೈರ್ಯ ತುಂಬಿ, ಬೆನ್ನಿಗೆ ನಿಲ್ಲುವುದು. ಬಾಣಂತಿ ರೋಗಿಯಲ್ಲ. ಸಿಸೇರಿಯನ್ ಆದ ಮೊದಲ ರಾತ್ರಿ ಆಕೆ ಮೊದಲ ಹಂತದಲ್ಲಿರುತ್ತಾಳೆ. ಮನೆಗೆ ಹೊರಡುವ ಹೊತ್ತಿಗೆ ಮೂರನೆಯದಕ್ಕೆ ಬಂದಿರಬೇಕು. ನಮ್ಮಲ್ಲಿ ಮೂರನೆಯ ಹಂತಕ್ಕೆ ಹತ್ತಬೇಕಾದವಳನ್ನು ಮೊದಲನೆಯದರಿಂದ ಇಳಿಸಿ ಸೀದಾ ಗಾಡಿಗೆ ಹತ್ತಿಸುತ್ತೇವೆ.

ಕಲಿಸುವುದೆಂದರೆ ಭಾಷಣವಲ್ಲ. ಅನುಭವಿ ಸಿಸ್ಟರ್ ಒಬ್ಬರು ಇದನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಹೊಟ್ಟೆ ಒತ್ತಿ ನೋಡುವುದು ಆಕೆಯ ನಿತ್ಯದ ಕೆಲಸ. ಹಾಗೆ ನೋಡಿದವಳು ಬಾಣಂತಿಯ ಕೈಯನ್ನೇ ಹಿಡಿದು ಹೊಕ್ಕುಳ ಹತ್ತಿರ ಇಡುತ್ತಾಳೆ. “ಇಲ್ಲಿ ಒತ್ತು. ಗಟ್ಟಿ ಉಂಡೆ ಹಾಗೆ ಸಿಕ್ತಾ? ಅದೇ ನಿನ್ನ ಗರ್ಭಕೋಶ. ದಿನಕ್ಕೆ ಒಂದು ಬೆರಳಿನಷ್ಟು ಕೆಳಗಿಳಿಯುತ್ತೆ. ಹತ್ತು ಹನ್ನೆರಡು ದಿನಕ್ಕೆ ಕೈಗೇ ಸಿಗಲ್ಲ. ಮೆತ್ತಗಾಗಿ ರಕ್ತ ಜಾಸ್ತಿ ಹೋದರೆ ವೃತ್ತಾಕಾರವಾಗಿ ತಿಕ್ಕು, ಗಾಡಿಗೆ ಫೋನ್ ಮಾಡಿಸು.” ಹುಡುಗಿಯ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಅಚ್ಚರಿ. ಒಂಬತ್ತು ತಿಂಗಳು ಹೊತ್ತ ಹೊಟ್ಟೆಯನ್ನು ಆಕೆ ಈ ರೀತಿ ಮುಟ್ಟಿರಲೇ ಇಲ್ಲ. ಈ ಪಾಠಕ್ಕೆ ಎರಡು ನಿಮಿಷ ಸಾಕು.

ಪ್ಯಾಡಿನ ಪಾಠವೂ ಹಾಗೆಯೇ. ಮೊದಲ ಮೂರು ನಾಲ್ಕು ದಿನ ಕೆಂಪು, ಆಮೇಲೆ ಕಂದು-ನಸುಗೆಂಪು, ಹತ್ತು ದಿನ ಕಳೆದ ಮೇಲೆ ಹಳದಿ-ಬಿಳುಪು. ಒಟ್ಟು ನಾಲ್ಕರಿಂದ ಆರು ವಾರ. ಬಣ್ಣ ಮುಂದೆ ಹೋಗಬೇಕು, ಹಿಂದಕ್ಕೆ ಬರಬಾರದು. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ ಬೆಳಗಾಗಲಿ ಎಂದು ಕಾಯಬಾರದು. ಇಷ್ಟು ತಿಳಿದ ಹುಡುಗಿ ಅಜ್ಜಿಯ ಜೊತೆ ವಾದಿಸಬೇಕಾಗಿಲ್ಲ; “ಇವತ್ತು ಮತ್ತೆ ಕೆಂಪಾಗಿದೆ” ಎಂದು ಹೇಳಿದರೆ ಸಾಕು. ಆ ವಾಕ್ಯ ಆಕೆಯ ಬಾಯಿಗೆ ಬರುವುದೇ ಕಷ್ಟ. ಏಕೆಂದರೆ ಸಹಜ ಯಾವುದು, ಅಸಹಜ ಯಾವುದು ಎಂದು ಚೊಚ್ಚಲಿನವಳಿಗೆ ಹೋಲಿಸಿ ನೋಡಲು ಹಿಂದಿನದೊಂದು ಇರುವುದಿಲ್ಲ. ಎರಡನೆಯ ಹೆರಿಗೆಯವಳಿಗೂ ಚೊಚ್ಚಲಿನವಳಿಗೂ ಇರುವ ದೊಡ್ಡ ವ್ಯತ್ಯಾಸ ಇದು.

ಹಾಲೂಡಿಸುವುದು ತಾಯಂದಿರಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ನಂಬಿದ್ದೇವೆ. ಬರುವುದಿಲ್ಲ. ಮಗು ತೊಟ್ಟನ್ನಷ್ಟೇ ಹಿಡಿದರೆ ಎರಡೇ ದಿನದಲ್ಲಿ ಬಿರುಕು ಬಿಟ್ಟು ರಕ್ತ ಬರುತ್ತದೆ. ಬಾಯಿ ಅಗಲ ತೆರೆದು ಕಪ್ಪು ಭಾಗವನ್ನೂ ಸೇರಿಸಿ ಹಿಡಿಯಬೇಕು, ಗದ್ದ ಎದೆಗೆ ತಾಗಿರಬೇಕು. ಇದನ್ನು ಪಟ ತೋರಿಸಿ ಕಲಿಸಲಾಗದು. ನರ್ಸ್ ಪಕ್ಕ ಕೂತು ತಾಯಿಯೇ ಹಿಡಿಸುವ ತನಕ ಕಾಯಬೇಕು. ಬಿಡುವಿಲ್ಲದ ನರ್ಸ್ ಮಾಡುವುದು ಬೇರೆ: ಮಗುವಿನ ತಲೆ ಹಿಡಿದು ತಾನೇ ಎದೆಗೆ ಒತ್ತಿ ಮುಂದಿನ ಮಂಚಕ್ಕೆ ಹೋಗುತ್ತಾಳೆ. ಆ ಹೊತ್ತಿನ ಹಾಲು ಮಗುವಿಗೆ ಸಿಕ್ಕಿತು; ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಹಿಡಿಸುವವರು ಯಾರು?

ಇನ್ನು ಯಾರ ಮುಂದೆಯೂ ಹೇಳದ ವಿಷಯಗಳು. ಕೆಮ್ಮಿದರೆ, ಸೀನಿದರೆ ಮೂತ್ರ ಜಾರುವುದು ಅದರಲ್ಲೊಂದು. ಹೆರಿಗೆಯಲ್ಲಿ ಹಿಗ್ಗಿದ ತಳದ ಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ 1948ರಲ್ಲೇ ವಿವರಿಸಿದ್ದಾರೆ. ಖರ್ಚಿಲ್ಲ, ಮಲಗಿಕೊಂಡೇ ಮಾಡಬಹುದು. ನಮ್ಮ ಎಷ್ಟೋ ಹೆಂಗಸರು ಇದನ್ನು ಮೊದಲು ಕೇಳುವುದು ಐವತ್ತು ದಾಟಿದ ಮೇಲೆ, ಗರ್ಭಕೋಶ ಜಾರಿದಾಗ. ಮೂವತ್ತು ವರ್ಷ ತಡವಾಗಿ.

ಮನಸ್ಸಿನ ಮಾತಿಗೆ ಬರೋಣ. ಹೆತ್ತ ಮೂರನೆಯ, ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣೀರು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಇದ್ದದ್ದೇ. ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿಯುವುದು ಖಿನ್ನತೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ ನೂರರಲ್ಲಿ 22 ತಾಯಂದಿರಿಗೆ ಈ ತೊಂದರೆ ಇತ್ತು. ನಮ್ಮ ಹಳ್ಳಿಗಳು ‘ಬಾಣಂತಿ ಸನ್ನಿ’ ಎಂದು ಕರೆಯುವ ಉಗ್ರ ರೂಪ ಸಾವಿರಕ್ಕೆ ಒಂದೋ ಎರಡೋ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಅದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಬೇರ್ಪಡಿಸದೆ ಒಟ್ಟಿಗೆ ಇಟ್ಟು ಚಿಕಿತ್ಸೆ ಕೊಡುವ ಘಟಕ 2009ರಿಂದ ಇದೆ. ಕಣ್ಣಿಗೆ ಬೀಳದವರು ಆ 22 ಮಂದಿ. ಅವರು ಅಡುಗೆ ರುಚಿಯಾಗಿದೆ ಎನ್ನುತ್ತಾರೆ, ಮಗುವಿಗೆ ಹಾಲು ಕೊಡುತ್ತಾರೆ, ಗೋಡೆ ಕಡೆ ತಿರುಗಿ ಮಲಗುತ್ತಾರೆ.

ಅವರನ್ನು ಕಂಡುಹಿಡಿಯಲು ಎಡಿನ್‌ಬರೋದಲ್ಲಿ 1987ರಲ್ಲಿ ಹತ್ತು ಪ್ರಶ್ನೆಗಳ ಒಂದು ಪಟ್ಟಿ ತಯಾರಾಯಿತು. ಅದರ ಕನ್ನಡ ರೂಪವೂ ಬಳಕೆಯಲ್ಲಿದೆ. ಪಟ್ಟಿಗಿಂತ ಅದೇ ತಂಡ ಎರಡು ವರ್ಷ ಬಿಟ್ಟು ಪ್ರಕಟಿಸಿದ ಚಿಕ್ಕ ಪ್ರಯೋಗ ಹೆಚ್ಚು ಕುತೂಹಲದ್ದು. ಬ್ರಿಟನ್ನಿನಲ್ಲಿ ಮನೆಮನೆಗೆ ಹೋಗುವ ‘ಹೆಲ್ತ್ ವಿಸಿಟರ್’ಗಳೆಂಬ ನರ್ಸ್‌ಗಳಿದ್ದಾರೆ. ಅವರಿಗೆ ಅಲ್ಪ ತರಬೇತಿ ಕೊಟ್ಟು ಖಿನ್ನ ತಾಯಂದಿರ ಮನೆಗೆ ವಾರಕ್ಕೊಮ್ಮೆಯಂತೆ ಎಂಟು ವಾರ ಕಳುಹಿಸಿದರು. ಅವರ ಕೆಲಸ ಕೂತು ಕೇಳುವುದು; ಬುದ್ಧಿ ಹೇಳುವುದಲ್ಲ. ಮೂರು ತಿಂಗಳ ಹೊತ್ತಿಗೆ ಹೀಗೆ ಕೇಳಿಸಿಕೊಂಡ 26 ಮಂದಿಯಲ್ಲಿ 18 ಮಂದಿ ಗುಣವಾಗಿದ್ದರು. ಎಂದಿನ ಆರೈಕೆಯಷ್ಟೇ ಸಿಕ್ಕ 24 ಮಂದಿಯಲ್ಲಿ ಒಂಬತ್ತು. ಚಿಕ್ಕ ಪ್ರಯೋಗ, ನಿಜ. ಆದರೆ ಕೇಳುವುದೂ ನರ್ಸಿನ ಕೌಶಲಗಳಲ್ಲೊಂದು, ಅದನ್ನೂ ಅಳೆಯಬಹುದು ಎಂದು ತೋರಿಸಿತು.

ಇಲ್ಲಿ ಒಂದು ಕಹಿ ಮಾತು. ಹೆರಿಗೆ ಕೋಣೆಯಲ್ಲಿ ಗದರಿಸಿಕೊಂಡವಳು ವಾರ್ಡಿನಲ್ಲಿ ಪ್ರಶ್ನೆ ಕೇಳುವುದಿಲ್ಲ. “ಕಿರುಚಬೇಡ, ಆಗ ಗೊತ್ತಿರಲಿಲ್ವಾ?” ಎಂಬ ಮಾತು ನಮ್ಮ ಆಸ್ಪತ್ರೆಗಳಲ್ಲಿ ಕೇಳಿಸುತ್ತದೆ ಎಂಬುದನ್ನು ಯಾವ ನರ್ಸೂ ಅಲ್ಲಗಳೆಯಲಾರಳು. ಕೆಲಸದ ಒತ್ತಡ ಅದಕ್ಕೆ ಕಾರಣವಾಗಬಹುದು, ಸಮರ್ಥನೆಯಾಗದು.

ಹೊರದೇಶಗಳ ಉದಾಹರಣೆ ಕೊಡುವಾಗ ಎಚ್ಚರ ಬೇಕು. ಅಲ್ಲಿಯದೆಲ್ಲ ಇಲ್ಲಿಗೆ ಒಗ್ಗುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಡೇವಿಡ್ ಓಲ್ಡ್ಸ್ ಎಂಬವರು ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಎಂಬ ಬಡ ಪಟ್ಟಣದಲ್ಲಿ ಒಂದು ಪ್ರಯೋಗ ಹೂಡಿದರು. ಚೊಚ್ಚಲ ಬಸುರಿಯರ ಮನೆಗೆ ನರ್ಸ್ ಬಸುರಿನಿಂದ ಹಿಡಿದು ಮಗುವಿಗೆ ಎರಡು ವರ್ಷ ತುಂಬುವ ತನಕ ಹೋಗುವುದು. ಚೊಚ್ಚಲಿನವರನ್ನೇ ಆರಿಸಿದ್ದು ಬೇಕೆಂದೇ: ಮೊದಲ ಸಲ ಕಲಿತದ್ದು ಮುಂದಿನ ಮಕ್ಕಳಿಗೂ ಒದಗುತ್ತದೆ. ಫಲ ಚೆನ್ನಾಗಿ ಬಂತು. ಎರಡನೆಯ ಬಸುರು ತಡವಾಯಿತು, ಮಕ್ಕಳ ಮೇಲಿನ ಹಿಂಸೆ, ನಿರ್ಲಕ್ಷ್ಯದ ದೂರುಗಳು ತಗ್ಗಿದವು. ಮೆಂಫಿಸ್, ಡೆನ್ವರ್‌ಗಳಲ್ಲೂ ನಡೆಸಿ ನೋಡಿದರು. ಅದನ್ನೇ ಇಂಗ್ಲೆಂಡ್ 2007ರಲ್ಲಿ ತಂದಿತು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರ ಮುಖ ಸಪ್ಪಗಾಯಿತು. ಮುಖ್ಯವಾಗಿ ಅಳೆದ ಯಾವುದರಲ್ಲೂ ವ್ಯತ್ಯಾಸವಿರಲಿಲ್ಲ. ಕಾರಣ ಊಹಿಸಲು ಕಷ್ಟವಿಲ್ಲ. ಇಂಗ್ಲೆಂಡಿನಲ್ಲಿ ಪ್ರತಿ ತಾಯಿಯ ಮನೆಗೂ ಸೂಲಗಿತ್ತಿ-ನರ್ಸ್, ಹೆಲ್ತ್ ವಿಸಿಟರ್ ಆಗಲೇ ಹೋಗುತ್ತಿದ್ದರು. ತುಂಬಿದ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಂತಾಯಿತು. ನಮ್ಮ ತಟ್ಟೆ ಖಾಲಿಯಿದೆ ಎಂಬುದನ್ನು ನೆನಪಿಟ್ಟುಕೊಂಡು ಈ ಎರಡು ಫಲಿತಾಂಶಗಳನ್ನು ಓದಬೇಕು.

ನೆದರ್‌ಲೆಂಡ್ಸ್‌ನದು ಬೇರೆಯೇ ದಾರಿ. ಅಲ್ಲಿ ಹೆರಿಗೆಯಾದ ಮೇಲೆ ಎಂಟು ಹತ್ತು ದಿನ ತರಬೇತಾದ ಬಾಣಂತನದ ಸಹಾಯಕಿ ಮನೆಗೇ ಬರುತ್ತಾಳೆ. ಅಗತ್ಯ ನೋಡಿ ಒಟ್ಟು 24ರಿಂದ 80 ಗಂಟೆ. ವಿಮೆ ಖರ್ಚು ಭರಿಸುತ್ತದೆ, ಮನೆಯವರದು ಚೂರು ಪಾಲು. ಆಕೆ ತಾಯಿಯ ಜ್ವರ ನೋಡುತ್ತಾಳೆ, ಹೊಲಿಗೆ ನೋಡುತ್ತಾಳೆ, ಬಟ್ಟೆಯನ್ನೂ ಒಗೆಯುತ್ತಾಳೆ. ನಮ್ಮ ಅಜ್ಜಿಯನ್ನೂ ನರ್ಸನ್ನೂ ಒಬ್ಬಳಲ್ಲೇ ಸೇರಿಸಿ ಸಂಬಳ ಕೊಟ್ಟಂತೆ. ಅಮೆರಿಕದಲ್ಲಿರುವ ನಮ್ಮ ಹುಡುಗಿಯರಿಗೆ ಆ ಭಾಗ್ಯವೂ ಇಲ್ಲ. ಸಹಜ ಹೆರಿಗೆಗೆ 48 ಗಂಟೆ, ಸಿಸೇರಿಯನ್ನಿಗೆ 96 ಗಂಟೆ ಆಸ್ಪತ್ರೆಯಲ್ಲಿರಲು ವಿಮೆ ಒಪ್ಪಬೇಕು ಎಂಬ ಕಾನೂನು 1996ರಲ್ಲಿ ಬಂತು; ಆಮೇಲೆ ಆಕೆ, ಗಂಡ, ಮತ್ತು ಆರು ತಿಂಗಳ ವೀಸಾದಲ್ಲಿ ಸೂಟ್‌ಕೇಸಿನ ತುಂಬ ಬಾಣಂತಿ ಖಾರ, ಅಂಟಿನ ಉಂಡಿ ತುಂಬಿಕೊಂಡು ಬಂದಿಳಿದ ಧಾರವಾಡದ ಅವ್ವ. ಆ ದೇಶದಲ್ಲಿ ಬಸುರು-ಬಾಣಂತನದ ಕಾರಣಕ್ಕೆ ಸಾಯುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹೆರಿಗೆಯಾಗಿ ಒಂದು ವಾರ ಕಳೆದ ಮೇಲೆ, ವರ್ಷದೊಳಗೆ ಸಾಯುತ್ತಾರೆ ಎಂದು ಅಲ್ಲಿಯ ಸರ್ಕಾರದ್ದೇ ಲೆಕ್ಕ ಹೇಳುತ್ತದೆ. ಅದಕ್ಕಾಗಿ ಅಲ್ಲಿಯ ನರ್ಸ್‌ಗಳ ಸಂಘ ಡಿಸ್ಚಾರ್ಜಿಗೆ ಮೊದಲು ಪ್ರತಿ ತಾಯಿಗೂ ಕಲಿಸಲೇಬೇಕಾದ ಒಂಬತ್ತು ಅಪಾಯದ ಗುರುತುಗಳ ಹಾಳೆ ಮಾಡಿದೆ. ಎದೆನೋವು, ಉಸಿರುಕಟ್ಟು, ಫಿಟ್ಸ್, ತನ್ನನ್ನೋ ಮಗುವನ್ನೋ ನೋಯಿಸುವ ಯೋಚನೆ ಬಂದರೆ ಸೀದಾ ಆಂಬುಲೆನ್ಸಿಗೆ ಫೋನು. ಉಳಿದ ಐದಕ್ಕೆ ಆಸ್ಪತ್ರೆಗೆ ಫೋನು.

ನಮ್ಮಲ್ಲಿ ವ್ಯವಸ್ಥೆ ಇಲ್ಲವೆಂದಲ್ಲ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನ ಹೋಗಬೇಕು. ಆರೂ ಭೇಟಿ ಮುಗಿಸಿದರೆ 250 ರೂಪಾಯಿ ಪ್ರೋತ್ಸಾಹಧನ. ಆಕೆಯ ನಮೂನೆಯಲ್ಲಿ ತಾಯಿಯ ಊಟ, ಪ್ಯಾಡು, ಜ್ವರದ ಪ್ರಶ್ನೆಗಳೂ ಇವೆ. ಆದರೆ ಕಾರ್ಯಕ್ರಮದ ಹೆಸರೇ ‘ನವಜಾತ ಶಿಶುವಿನ ಗೃಹಾಧಾರಿತ ಆರೈಕೆ’. ತಕ್ಕಡಿ ತಂದು ಕೂಸನ್ನು ತೂಗುತ್ತಾರೆ; ತಾಯಿಯ ಬಿಪಿ ನೋಡುವ ಯಂತ್ರ ಚೀಲದಲ್ಲಿರುವುದಿಲ್ಲ. ಇನ್ನೊಂದು ತೊಡಕು ನಮ್ಮ ಸಂಪ್ರದಾಯದ್ದೇ. ಬಸುರಿಯ ಹೆಸರು ನೋಂದಣಿಯಾಗುವುದು ಗಂಡನ ಊರಿನಲ್ಲಿ, ಚೊಚ್ಚಲ ಹೆರಿಗೆಗೆ ಹೋಗುವುದು ತವರಿಗೆ. ತವರೂರಿನ ಆಶಾ ಪಟ್ಟಿಯಲ್ಲಿ ಈಕೆ ಇಲ್ಲ, ಗಂಡನ ಊರಿನ ಆಶಾಗೆ ಈಕೆ ಎಲ್ಲಿದ್ದಾಳೆಂದು ಗೊತ್ತಿಲ್ಲ. ಎಲ್ಲರಿಗಿಂತ ಹೆಚ್ಚು ಬೆಂಬಲ ಬೇಕಾದ ಚೊಚ್ಚಲಿನವಳೇ ಎರಡು ಉಪಕೇಂದ್ರಗಳ ನಡುವೆ ಕಳೆದುಹೋಗುತ್ತಾಳೆ. ತವರೇ ಇಲ್ಲದವರ ಪಾಡು ಇನ್ನೂ ಬೇರೆ; ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡ ಯಾದಗಿರಿ, ರಾಯಚೂರಿನ ಹುಡುಗಿಯರು ವಾರ ತುಂಬುವುದರೊಳಗೆ ನೀರು ಹೊರುತ್ತಿರುತ್ತಾರೆ.

2017ರ ಗಾಂಧಿ ಜಯಂತಿಯಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಿಂದಲೂ ಕಲಿಯುವುದಿದೆ. ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಉದ್ದೇಶ ಒಳ್ಳೆಯದು. ಹೊಸಿಲು ದಾಟಬಾರದೆಂದು ಕೂರಿಸಿದ ಹಸಿ ಬಾಣಂತಿ ಊಟಕ್ಕೆ ಅಂಗನವಾಡಿಗೆ ನಡೆದು ಬರಬೇಕು ಎಂದುಕೊಂಡದ್ದರಲ್ಲೇ ಎಡವಟ್ಟು. ಬಾಣಂತಿಯ ಬಳಿಗೆ ಹೋಗಬೇಕಲ್ಲದೆ ಆಕೆಯನ್ನು ಕರೆಸಬಾರದು.

ನಮ್ಮ ನರ್ಸಮ್ಮಂದಿರ ಮೇಲೆ ನಂಬಿಕೆ ಇಡಬಹುದೇ? ಬೆಳಗಾವಿ ಅದಕ್ಕೆ ಉತ್ತರ ಕೊಟ್ಟು ಬಹಳ ಕಾಲವಾಯಿತು. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ, ಜೆ.ಎನ್. ವೈದ್ಯಕೀಯ ಕಾಲೇಜಿನ ತಂಡದ ಸಂಶೋಧನೆಯಲ್ಲಿ, ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದ್ದು, ಸೋರಿದ ರಕ್ತವನ್ನು ಅಳೆದದ್ದು ವೈದ್ಯರಲ್ಲ, ಉಪಕೇಂದ್ರದ ಸಹಾಯಕ ನರ್ಸ್‌ಗಳು. 1,620 ತಾಯಂದಿರು ಅದರಲ್ಲಿದ್ದರು. ವಿಪರೀತ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಜಗತ್ತೇ ಓದಿತು. ಅಂಥ ಜವಾಬ್ದಾರಿ ಹೊತ್ತವರಿಗೆ ಒಂದು ಬಿಪಿ ಯಂತ್ರ, ಒಂದು ಫೋನು, ಅರ್ಧ ಗಂಟೆ ಬಿಡುವು ಕೊಡಲು ಹಿಂಜರಿಕೆ ಏಕೆ? ಬೆಂಗಳೂರಿನ ಹೃದಯ ಆಸ್ಪತ್ರೆಯೊಂದರಲ್ಲಿ ಶುರುವಾದ ನೂರಾ ಹೆಲ್ತ್ ಸಂಸ್ಥೆಯ ಕೆಲಸವೂ ಇಲ್ಲಿ ನೆನೆಯುವಂಥದ್ದು. ನರ್ಸ್‌ಗಳಿಗೆ ತರಬೇತಿ ಕೊಟ್ಟು, ವಾರ್ಡಿನಲ್ಲೇ ರೋಗಿಯ ಮನೆಯವರನ್ನು ಕೂರಿಸಿ ಪಾಠ ಹೇಳಿಸುವುದು ಅವರ ದಾರಿ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ಬಾಣಂತಿ ವಾರ್ಡಿಗೂ ಅದು ಬಂದಿದೆ. ಅತ್ತೆಯನ್ನು, ತಾಯಿಯನ್ನು, ಗಂಡನನ್ನು ಪಾಠದಿಂದ ಹೊರಗಿಟ್ಟರೆ ಬಾಣಂತಿ ಕಲಿತದ್ದು ಮನೆಯ ಹೊಸಿಲಿನಲ್ಲೇ ನಿಲ್ಲುತ್ತದೆ ಎಂಬುದನ್ನು ಅವರು ಸರಿಯಾಗಿ ಹಿಡಿದರು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಶಿಫಾರಸು ಸರಳವಾಗಿದೆ. ಹೆರಿಗೆಯಾದ ಮೇಲೆ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿರಬೇಕು. ಆಮೇಲೆ 48ರಿಂದ 72 ಗಂಟೆಯೊಳಗೆ ಒಮ್ಮೆ, ಏಳರಿಂದ ಹದಿನಾಲ್ಕನೆಯ ದಿನದೊಳಗೆ ಒಮ್ಮೆ, ಆರನೆಯ ವಾರದಲ್ಲಿ ಒಮ್ಮೆ ತಾಯಿ-ಮಗುವನ್ನು ಕಾಣಬೇಕು. ರೂಬಿನ್ ಹೇಳಿದ ಮೂರನೆಯ ದಿನಕ್ಕೂ ಇದರ ಮೊದಲ ಭೇಟಿಗೂ ಎಂಥ ಹೊಂದಿಕೆ ನೋಡಿ.

ಇದಕ್ಕೆ ಹೊಸ ಯೋಜನೆ, ಹೊಸ ಹೆಸರು, ಹೊಸ ಬ್ಯಾನರು ಬೇಕಾಗಿಲ್ಲ. ಬಾಣಂತಿ ವಾರ್ಡಿನ ಡ್ಯೂಟಿ ಪಟ್ಟಿಯಲ್ಲಿ ಒಬ್ಬ ನರ್ಸಿನ ಹೆಸರ ಮುಂದೆ ‘ಕಲಿಸುವುದು’ ಎಂದು ಬರೆಯಬೇಕು. ಆ ಪಾಳಿಯಲ್ಲಿ ಆಕೆಯನ್ನು ಇಂಜೆಕ್ಷನ್ನಿಗೂ ರಿಜಿಸ್ಟರಿಗೂ ಎಳೆಯಬಾರದು. ಹೇಳಿದ್ದನ್ನು ಬಾಣಂತಿ ಮಾಡಿ ತೋರಿಸಿದ ಮೇಲೆಯೇ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಬೀಳಬೇಕು. ತಾಯಿ ಕಾರ್ಡಿನಲ್ಲಿ ಗಂಡನ ಊರಿನ ಜೊತೆ ತವರಿನ ಊರು, ಅಲ್ಲಿಯ ಆಶಾ ಫೋನ್ ನಂಬರು ಬರೆಯಬೇಕು. ಮೂರನೆಯ ದಿನ ಅದೇ ವಾರ್ಡಿನಿಂದ, ಗೊತ್ತಿರುವ ದನಿಯಲ್ಲಿ ಒಂದು ಫೋನು ಹೋಗಬೇಕು. ಮಗುವಿನ ತೂಕ ಕೇಳುವ ಮೊದಲು ತಾಯಿ ಹೇಗಿದ್ದಾಳೆ ಎಂದು ಕೇಳಬೇಕು. ಇದು ಆರೋಗ್ಯ ಇಲಾಖೆಗೆ ಈ ವೇದಿಕೆಯ ಬೇಡಿಕೆ. ಸಭೆಯಲ್ಲಿ ಕೂತ ಅಜ್ಜಿಯರಿಗೆ, ಅತ್ತೆಯಂದಿರಿಗೆ, ಮೊದಲ ಸಲ ಅಪ್ಪಂದಿರಾಗುವವರಿಗೆ ಒಂದು ಮನವಿ: ಮನೆಯ ಹುಡುಗಿ ಡಿಸ್ಚಾರ್ಜ್ ಆಗುವ ದಿನ ಗಾಡಿಯನ್ನು ಹತ್ತು ನಿಮಿಷ ನಿಲ್ಲಿಸಿ, ನರ್ಸಿನ ಹತ್ತಿರ ಕೂತು, ಆಕೆಯ ಜೊತೆ ನೀವೂ ಕಲಿತು ಹೊರಡಿ.